ಐದನೇ ದಿನ ಎದ್ದ ದದ್ದು: ಸಕಲೇಶಪುರ ಕಡೆಯ ಒಂದು ಪ್ರಕರಣ

ಮೂರೂವರೆ ವರ್ಷದ ಹುಡುಗಿ. ತೂಕ 13 ಕಿಲೋ. ಊರು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ, ಕಾಫಿ ತೋಟದ ನಡುವೆ ನಾಲ್ಕಾರು ಮನೆಗಳಿರುವ ಒಂದು ಹಳ್ಳಿ. ಮನೆಯವರಿಗೆ ಎರಡು ಎಕರೆ ಕಾಫಿ ಇದೆ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು ಇದೆ. ಅಪ್ಪ ಪಿಕಪ್ ಓಡಿಸುತ್ತಾರೆ. ತೋಟ, ಅಡುಗೆ, ಹಸು ಎಲ್ಲ ಅಮ್ಮನ ಪಾಲು. ಮಗು ಹೆಚ್ಚಿನ ಹೊತ್ತು ಅಜ್ಜಿ ಜೊತೆ. ಹಾಸನಾಂಬೆ ಬಾಗಿಲು ಮುಚ್ಚಿ ಕೆಲವು ದಿನ ಆಗಿತ್ತು. ಮಳೆ ನಿಂತು ಅರೇಬಿಕಾ ಹಣ್ಣಾಗುವ ಸಮಯ.

ನಾನು ಅಲ್ಲಿನ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನರ್ಸಿಂಗ್ ಓದಿ ಬಂದವಳು. ಊರಿನವರಿಗೆ ಸಿಸ್ಟರ್. ಕಾಯಿಲೆಗೆ ಹೆಸರಿಡೋದು ಡಾಕ್ಟರ ಕೆಲಸ. ನನ್ನ ಮುಂದೆ ಬರುವ ಪ್ರಶ್ನೆ ಬೇರೆ. ಮೈಮೇಲೆ ಏನೋ ಎದ್ದ ಮಗುವನ್ನು ಮನೇಲೇ ಇಟ್ಟುಕೊಂಡು ನೋಡೋದಾ, ಬೆಳಗ್ಗೆ ಕರೆದುಕೊಂಡು ಹೋಗೋದಾ, ಈಗಲೇ ಹೊರಡೋದಾ? ಈ ಪ್ರಕರಣವನ್ನು ಆ ಪ್ರಶ್ನೆಯ ಕಡೆಯಿಂದಲೇ ಬರೆಯುತ್ತಿದ್ದೇನೆ. ಮನೆಯವರ ಗುರುತು ಸಿಗುವಂಥ ವಿವರ ಬಿಟ್ಟಿದ್ದೇನೆ.

ಮೊದಲ ನಾಲ್ಕು ದಿನ

ಸೋಮವಾರ ಸಂಜೆ ಮೈ ಬಿಸಿಯಾಯಿತು. ಊಟ ಬೇಡ ಅಂದಳು, ಮಲಗಿದಳು. ಮನೆಯಲ್ಲಿ ಹಿಂದಿನ ಸಲ ಉಳಿದಿದ್ದ ಪ್ಯಾರಾಸಿಟಮಾಲ್ ಸಿರಪ್ ಇತ್ತು, ಒಂದು ಮುಚ್ಚಳ ಕುಡಿಸಿದರು. ಜ್ವರ ಸ್ವಲ್ಪ ಇಳಿಯೋದು, ನಾಲ್ಕೈದು ಗಂಟೆಗೆ ಮತ್ತೆ ಏರೋದು. ಇಳಿದಾಗ ಎದ್ದು ಬೆಕ್ಕಿನ ಹಿಂದೆ ಓಡುತ್ತಿದ್ದಳು. ಆಗ ಯಾರೂ ಗಾಬರಿಯಾಗಲಿಲ್ಲ, ಆಗುವ ಕಾರಣವೂ ಇರಲಿಲ್ಲ. ಅಂಗನವಾಡಿಗೆ ಹೋಗುವ ಮಕ್ಕಳಿಗೆ ಇಂಥ ಜ್ವರ ಬರ್ತಾನೇ ಇರುತ್ತೆ. ಹೆಚ್ಚಿನವು ಮೂರ್ನಾಲ್ಕು ದಿನಕ್ಕೆ ತಾವಾಗಿಯೇ ಬಿಡುತ್ತವೆ.

ಬುಧವಾರ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಗಂಟಲು ಕೆಂಪಾಗಿತ್ತು. ಡಾಕ್ಟರ್ ಅಮಾಕ್ಸಿಸಿಲಿನ್ ಸಿರಪ್ ಬರೆದರು, ಪ್ಯಾರಾಸಿಟಮಾಲ್ ಹೊಸದಾಗಿ ಬರೆದರು. ಎರಡು ದಿನದಲ್ಲಿ ಬಿಡದಿದ್ದರೆ ಅಥವಾ ಮೈಮೇಲೆ ಏನಾದರೂ ಎದ್ದರೆ ತಿರುಗಿ ಬನ್ನಿ ಅಂತ ಚೀಟಿಯ ಕೆಳಗೆ ಬರೆದೂ ಕೊಟ್ಟಿದ್ದರು. ಅವತ್ತು ಮೈಮೇಲೆ ಏನೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ. ಮನೆಯಲ್ಲಿದ್ದ ಹಳೇ ಸಿರಪ್ 5 ಮಿಲಿಗೆ 125 ಮಿಲಿಗ್ರಾಂನದ್ದು, ಪೇಟೆಯಿಂದ ತಂದದ್ದು 5 ಮಿಲಿಗೆ 250 ಮಿಲಿಗ್ರಾಂನದ್ದು. ಎರಡು ಬಾಟಲಿಯೂ ನೋಡಲು ಹೆಚ್ಚುಕಮ್ಮಿ ಒಂದೇ ಥರ. ಮಗುವಿನ ಒಂದು ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಅನ್ನೋದು ಒಂದು ಸಲದ ಲೆಕ್ಕ. ಈ ಮಗುವಿಗೆ ಹಳೇ ಬಾಟಲಿಯ ಒಂದು ಮುಚ್ಚಳ, ಅಂದರೆ 5 ಮಿಲಿ, ಕಮ್ಮಿ. ಹೊಸ ಬಾಟಲಿಯ ಅದೇ ಒಂದು ಮುಚ್ಚಳ ಕೊಟ್ಟರೆ ಜಾಸ್ತಿ. 'ಔಷಧಿ ಕೊಟ್ರೂ ಜ್ವರ ಇಳೀತಿಲ್ಲ ಸಿಸ್ಟರ್' ಅಂತ ಫೋನ್ ಬಂದಾಗ ನಾನು ಮೊದಲು ಕೇಳೋದು ಬಾಟಲಿ ಮೇಲೆ ಬರೆದಿರೋ ಅಂಕಿಯನ್ನೇ.

ಗುರುವಾರವೂ ಜ್ವರ ಬಿಡಲಿಲ್ಲ. ಆದರೆ ಅಮ್ಮ ಆಮೇಲೆ ನೆನಪು ಮಾಡಿಕೊಂಡು ಹೇಳಿದ ಒಂದು ಮಾತು ನನಗೆ ಮುಖ್ಯ ಅನ್ನಿಸಿತು. ಗುರುವಾರ ಜ್ವರ ಇಳಿದಾಗಲೂ ಅವಳು ಬೆಕ್ಕಿನ ಕಡೆ ನೋಡಲಿಲ್ಲವಂತೆ. ಮಡಿಲಲ್ಲಿ ಸುಮ್ನೆ ಕೂತಿದ್ದಳಂತೆ.

ಶುಕ್ರವಾರ: ಒಂದು ದದ್ದು, ಮೂರು ಹೆಸರು

ಶುಕ್ರವಾರ ಬೆಳಗ್ಗೆ ಫ್ರಾಕ್ ಬದಲಿಸುವಾಗ ಅಜ್ಜಿ ಕಂಡರು. ಹೊಟ್ಟೆ, ಬೆನ್ನಿನ ಮೇಲೆ ಸಣ್ಣ ಸಣ್ಣ ಕೆಂಪು ಚುಕ್ಕೆ. ಕೆಲವು ಚಪ್ಪಟೆ, ಕೆಲವು ಕೈಗೆ ತರಿತರಿ. ನೀರು ತುಂಬಿದ ಗುಳ್ಳೆ ಒಂದೂ ಇಲ್ಲ. ಕೆರೆತ ಇಲ್ಲ.

ಅಜ್ಜಿಗೆ ಅನುಮಾನವೇ ಇರಲಿಲ್ಲ. ಅಮ್ಮ ಬಂದಿದ್ದಾಳೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಬೇವು ಅರಿಶಿನ ಅರೆದು ಮೈಗೆ ಹಚ್ಚಿದರು, ಸಿರಪ್ಪುಗಳನ್ನು ಎತ್ತಿಟ್ಟರು. ಮಗುವಿನ ತಾಯಿಗೆ ಹೊಸ ಸಿರಪ್ ಮೇಲೆ ಸಂಶಯ. ಬುಧವಾರ ಶುರು ಮಾಡಿದ್ದು, ಶುಕ್ರವಾರ ಎದ್ದಿದೆ, ಅದೇ ಒಗ್ಗಿಲ್ಲ ಅಂತ. ಸಂಶಯದಲ್ಲಿ ತಪ್ಪಿಲ್ಲ, ಅಮಾಕ್ಸಿಸಿಲಿನ್‌ಗೆ ಹೀಗೆ ದದ್ದು ಏಳೋದುಂಟು. ಅಪ್ಪ ಲೋಡ್ ತಗೊಂಡು ಮಂಗಳೂರಿಗೆ ಹೋಗಿದ್ದವರು. ಫೋಟೋ ತರಿಸಿಕೊಂಡು, ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡುವ ನೆಂಟರೊಬ್ಬರಿಗೆ ಕಳಿಸಿದರು. ಅಲ್ಲಿಂದ ಉತ್ತರ ಬಂತು: ಗಂದೆ, ಸಿಟ್ರಿಜಿನ್ ಕೊಡಿ.

ಹೀಗೆ ಮೂರು ಹೆಸರು ಎದ್ದು ನಿಂತವು. ಯಾವುದು ಸರಿ ಅನ್ನುವ ವಾದದಲ್ಲೇ ಮಧ್ಯಾಹ್ನ ಆಯಿತು. ಅಷ್ಟು ಹೊತ್ತು ಮಗು ಎಷ್ಟು ಸಲ ಉಚ್ಚೆ ಮಾಡಿದೆ, ಎಷ್ಟು ನೀರು ಕುಡಿದಿದೆ ಅನ್ನೋದನ್ನು ಯಾರೂ ಲೆಕ್ಕ ಇಟ್ಟಿರಲಿಲ್ಲ. ಈ ಕೆಲಸಕ್ಕೆ ಬಂದಮೇಲೆ ಮನೆಮನೆಯಲ್ಲೂ ಇದನ್ನೇ ಕಾಣುತ್ತೇನೆ. ಮೈಮೇಲೆ ಎದ್ದದ್ದರ ಹೆಸರು ಗೊತ್ತಾದರೆ ಮುಂದಿನದು ತಾನೇ ತಿಳಿಯುತ್ತೆ ಅಂತ ಎಲ್ಲರೂ ನಂಬಿರುತ್ತಾರೆ. ನಿಜ ಹೇಳಬೇಕೆಂದರೆ ಆಸ್ಪತ್ರೆಗೆ ಹೊರಡಲು ಹೆಸರು ಬೇಕೇ ಇಲ್ಲ. ಚರ್ಮದ ಡಾಕ್ಟರಿಗೂ ಬರೀ ಫೋಟೋ ನೋಡಿ ಹೇಳೋದು ಕಷ್ಟ ಆಗುವ ದದ್ದುಗಳಿವೆ. ಹೊರಡಬೇಕಾ ಬೇಡವಾ ಅನ್ನೋದನ್ನು ಮಗು ಹೇಳುತ್ತೆ, ಮನೆಯವರಿಗೇ ಕಾಣುವಂಥ ನಾಲ್ಕೈದು ವಿಷಯದಲ್ಲಿ ಹೇಳುತ್ತೆ.

ಮೂರೂವರೆ ಹೊತ್ತಿಗೆ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡಿದರು.

ಮುಟ್ಟುವ ಮೊದಲು

ನಾನು ಹೋದಾಗ ಮಗು ಜಗಲಿಯಲ್ಲಿ ಅಜ್ಜಿಯ ತೊಡೆ ಮೇಲೆ ಮಲಗಿತ್ತು. ಬ್ಯಾಗ್ ತೆಗೆಯದೆ ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿದೆ. ಕಣ್ಣು ಬಿಟ್ಟು ನನ್ನ ಕಡೆ ನೋಡಿದಳು, ಆಮೇಲೆ ಮುಚ್ಚಿಕೊಂಡಳು. ಚುಚ್ಚುಮದ್ದಿನ ದಿನ ನನ್ನ ಮುಖ ಕಂಡರೆ ಕೊಟ್ಟಿಗೆಗೆ ಓಡುವ ಹುಡುಗಿ ಅವಳು. ಅವತ್ತು ಕಂಕುಳಿಗೆ ಥರ್ಮಾಮೀಟರ್ ಇಟ್ಟರೂ ರಂಪ ಮಾಡಲಿಲ್ಲ. ಮೂರು ವರ್ಷದ ಮಗು ಗುರುತಿರುವ ನರ್ಸನ್ನು ತಳ್ಳದೇ ಇದ್ದರೆ ನನಗೆ ಭಯ ಆಗುತ್ತೆ.

ಜ್ವರ 102.8 ಡಿಗ್ರಿ. ಉಸಿರು ಪೂರ್ತಿ ಒಂದು ನಿಮಿಷ ಎಣಿಸಿದೆ, 36. ಒಂದರಿಂದ ಐದು ವರ್ಷದ ಮಗುವಿಗೆ ನಿಮಿಷಕ್ಕೆ 40 ಮುಟ್ಟಿದರೆ ವೇಗದ ಉಸಿರು ಅಂತ ನಮ್ಮ ಲೆಕ್ಕ, ಎರಡು ತಿಂಗಳು ದಾಟಿದ, ಒಂದು ವರ್ಷದೊಳಗಿನ ಕೂಸಿಗೆ 50. ಪಕ್ಕೆ ಒಳಗೆ ಎಳೆಯುತ್ತಿರಲಿಲ್ಲ. ಬೆರಳಿನ ಉಗುರು ಒತ್ತಿ ಬಿಟ್ಟರೆ ಕೆಂಪು ಬೇಗ ತಿರುಗಿ ಬರುತ್ತಿತ್ತು. ಕೈಕಾಲು ಬೆಚ್ಚಗಿದ್ದವು. ಗಲ್ಲವನ್ನು ಎದೆಗೆ ತಾಗಿಸೋಕೆ ಆಯಿತು, ಕುತ್ತಿಗೆ ಬಿಗಿ ಇಲ್ಲ. ಗಂಜಿ ನೀರು ಕೊಟ್ಟರೆ ನಾಲ್ಕು ಗುಟುಕು ಕುಡಿದಳು. ವಾಂತಿ ಒಂದು ಸಲ, ಬೆಳಗ್ಗೆ. ಉಚ್ಚೆ ಯಾವಾಗ ಮಾಡಿದ್ದು ಅಂತ ಕೇಳಿದಾಗ ಅಮ್ಮ, ಅಜ್ಜಿ ಮುಖ ಮುಖ ನೋಡಿಕೊಂಡರು. ಕೊನೆಗೆ ಹಾಸಿಗೆಯಿಂದ ಎದ್ದಾಗ ಒಂದು ಸಲ ಅಂತ ಲೆಕ್ಕ ಸಿಕ್ಕಿತು. ಅಂದರೆ ಎಂಟು ಗಂಟೆಗೂ ಮೇಲಾಗಿತ್ತು.

ಉಪ್ಪಿನಕಾಯಿ ಬಾಟಲಿ

ಮೈತುಂಬ ಅರಿಶಿನ. ಅದರಡಿಯಲ್ಲಿ ಯಾವ ಬಣ್ಣವೂ ಕಾಣುತ್ತಿರಲಿಲ್ಲ. ಉಗುರುಬೆಚ್ಚನೆ ನೀರಲ್ಲಿ ಬಟ್ಟೆ ಅದ್ದಿ ಒರೆಸಬೇಕು ಅಂದೆ.

'ಅಮ್ಮ ಆಗಿರೋ ಮೈಗೆ ನೀರು ಮುಟ್ಟಿಸಬಾರ್ದು ಕಣವ್ವ' ಅಂದರು ಅಜ್ಜಿ.

'ಪೂರ್ತಿ ಬೇಡ ಅಜ್ಜಿ, ಹೊಟ್ಟೆ ಮೇಲೆ ಒಂದು ಅಂಗೈಯಗಲ. ನೀವೇ ಒರೆಸಿ' ಅಂದೆ.

ಒರೆಸಿದರು. ಅಜ್ಜಿಯರ ಜೊತೆ ಈ ವಿಷಯಕ್ಕೆ ನಾನು ಜಗಳಕ್ಕೆ ಹೋಗೋದಿಲ್ಲ. ಬಾಗಿಲಿಗೆ ಬೇವು ಕಟ್ಟಿದರೆ ಯಾರಿಗೂ ತೊಂದರೆ ಇಲ್ಲ. ಮಗುವನ್ನು ಹೊರಗೆ ಕಳಿಸದೆ ಮನೇಲೇ ಇಟ್ಟುಕೊಳ್ಳೋದು, ಎಳನೀರು ಕೊಡೋದು, ಬೈಯದೆ ನೋಡಿಕೊಳ್ಳೋದು, ಇವೆಲ್ಲ ಸೀತಾಳೆ ಸಿಡುಬಿಗೆ ಒಳ್ಳೆಯವೇ. ತೊಂದರೆ ಶುರುವಾಗೋದು ಕೊಡುತ್ತಿದ್ದ ಔಷಧಿ ನಿಲ್ಲಿಸಿದಾಗ, ಮತ್ತೆ ದದ್ದು ಕಾಣದ ಹಾಗೆ ಲೇಪ ಬಳಿದಾಗ.

ಮಗುವನ್ನು ಕಿಟಕಿ ಹತ್ತಿರ, ಹಗಲು ಬೆಳಕಿಗೆ ತಂದೆವು. ಮೊಬೈಲ್ ಟಾರ್ಚಿನಲ್ಲಿ ಕೆಂಪು ಸರಿಯಾಗಿ ಕಾಣೋದಿಲ್ಲ. ಈಗ ಗಾಜು ಬೇಕಿತ್ತು. ಮನೆಯಲ್ಲಿದ್ದ ಲೋಟಗಳೆಲ್ಲ ಸ್ಟೀಲಿನವು. ಹಳೇ ಹಾರ್ಲಿಕ್ಸ್ ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ ಇತ್ತು. ಅದನ್ನು ಖಾಲಿ ಮಾಡಿ, ತೊಳೆದು, ಅದರ ಮೈಯನ್ನು ದದ್ದಿನ ಮೇಲೆ ಗಟ್ಟಿಯಾಗಿ ಒತ್ತಿ ಗಾಜಿನೊಳಗಿಂದ ನೋಡಿದೆವು. ಒತ್ತಿದಾಗ ಕೆಂಪು ಮಾಯವಾಯಿತು. ಬಿಟ್ಟಾಗ ಮತ್ತೆ ಬಂತು.

ಇದು ಯಾಕೆ ಮುಖ್ಯ ಅಂದರೆ, ಚರ್ಮದ ರಕ್ತನಾಳ ಹಿಗ್ಗಿ ಆದ ಕೆಂಪು ಒತ್ತಿದರೆ ಹೋಗುತ್ತೆ, ಯಾಕೆಂದರೆ ರಕ್ತ ನಾಳದ ಒಳಗೇ ಇದೆ, ಆಚೀಚೆ ಸರಿಯುತ್ತೆ. ನಾಳದಿಂದ ರಕ್ತ ಹೊರಗೆ ಸೋರಿ ಆದ ಚುಕ್ಕೆ ಎಷ್ಟು ಒತ್ತಿದರೂ ಹಾಗೇ ನಿಲ್ಲುತ್ತೆ. ಜ್ವರದ ಜೊತೆ ಒತ್ತಿದರೂ ಹೋಗದ ಚುಕ್ಕೆ ಇದ್ದರೆ ಆ ಕ್ಷಣವೇ ಹೊರಡಬೇಕು, ಮಗು ಆಡಿಕೊಂಡಿದ್ದರೂ ಸರಿ. ಮಿದುಳು ಪೊರೆಯ ಸೋಂಕು, ರಕ್ತಕ್ಕೆ ಹರಡಿದ ಸೋಂಕು, ಪ್ಲೇಟ್‌ಲೆಟ್ ಇಳಿದಿರೋದು, ಹೀಗೆ ಅದರ ಹಿಂದೆ ಏನು ಬೇಕಾದರೂ ಇರಬಹುದು. ನಮ್ಮ ಮಕ್ಕಳ ಗೋಧಿ, ಕಪ್ಪು ಮೈಬಣ್ಣದಲ್ಲಿ ಇಂಥ ಚುಕ್ಕೆ ಬೇಗ ಕಣ್ಣಿಗೆ ಬೀಳೋದಿಲ್ಲ. ಅದಕ್ಕೇ ಅಂಗೈ, ಅಂಗಾಲು, ಕೆಳಗಿನ ಕಣ್ಣುರೆಪ್ಪೆಯ ಒಳಮೈ, ಬಾಯೊಳಗಿನ ಅಂಗಳ ಇಷ್ಟನ್ನೂ ನೋಡಬೇಕು. ಈ ಮಗುವಿಗೆ ಎಲ್ಲೂ ಇರಲಿಲ್ಲ.

ಆದರೆ ಒತ್ತಿದಾಗ ಮಾಯವಾಯಿತು ಅಂತ ನಿರಾಳವಾಗಿ ಮಲಗುವ ಹಾಗಿಲ್ಲ. ಕೆಟ್ಟ ಸೋಂಕಿನಲ್ಲೂ ಮೊದಲ ಕೆಲವು ಗಂಟೆ ದದ್ದು ಒತ್ತಿದರೆ ಹೋಗಬಹುದು. ಗಂಟೆಗೊಮ್ಮೆ ಮತ್ತೆ ಒತ್ತಿ ನೋಡಬೇಕು. ಒಂದು ಜಾಗಕ್ಕೆ ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಹಬ್ಬುತ್ತಿದೆಯಾ ಅನ್ನೋದೂ ತಿಳಿಯುತ್ತೆ. ವಾಟ್ಸಾಪ್ ಫೋಟೋದಲ್ಲಿ ಇದಾವುದೂ ಕಾಣೋದಿಲ್ಲ. ಒತ್ತಿದರೆ ಹೋಗುತ್ತಾ, ಮಗು ಎಷ್ಟು ಮಂಕಾಗಿದೆ, ಎರಡೂ ಫೋಟೋಕ್ಕೆ ಸಿಗೋದಿಲ್ಲ.

ತೀರ್ಮಾನ

ತಾಯಿ ಕಾರ್ಡ್ ತರಿಸಿ ನೋಡಿದೆ. ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷಕ್ಕೆ ಇನ್ನೊಂದು, ಎರಡೂ ಆಗಿತ್ತು. ದಡಾರದಲ್ಲಿ ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು ಇರುತ್ತವೆ, ದದ್ದು ಕಿವಿ ಹಿಂದಿನಿಂದ ಮುಖಕ್ಕೆ ಬಂದು ಕೆಳಗಿಳಿಯುತ್ತೆ. ಇಲ್ಲಿ ಮುಖ ಬಿಟ್ಟು ಹೊಟ್ಟೆಯಲ್ಲೇ ಶುರುವಾಗಿತ್ತು, ಮೂಗು ಒಣಗಿತ್ತು. ಸೀತಾಳೆ ಆಗಿದ್ದರೆ ಒಂದು ಕಡೆ ಕೆಂಪು ಚುಕ್ಕೆ, ಪಕ್ಕದಲ್ಲೇ ನೀರು ಗುಳ್ಳೆ, ಇನ್ನೊಂದು ಕಡೆ ಒಣಗಿದ ಹಕ್ಕಳೆ, ಹೀಗೆ ಎಲ್ಲ ಹಂತದ್ದೂ ಒಟ್ಟಿಗೆ ಸಿಗಬೇಕಿತ್ತು. ಗಂದೆಯಾಗಿದ್ದರೆ ಕೆರೆತ ಇರಬೇಕಿತ್ತು, ಉಬ್ಬಿದ ದದ್ದುಗಳು ಜಾಗ ಬದಲಿಸಬೇಕಿತ್ತು.

ಇಷ್ಟರಲ್ಲಿ ಅಪ್ಪನ ಫೋನ್. 'ಮಂಗನ ಕಾಯಿಲೆ ಇರಬಹುದಾ ಸಿಸ್ಟರ್?' ಕೊಪ್ಪ, ನರಸಿಂಹರಾಜಪುರದ ಕಡೆ ಲೋಡ್ ತಗೊಂಡು ಓಡಾಡುವವರು, ಅಲ್ಲಿನ ಸುದ್ದಿ ಕೇಳಿರುತ್ತಾರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಆ ಜ್ವರದಲ್ಲಿ ಮೈಮೇಲೆ ದದ್ದು ಮುಖ್ಯ ಲಕ್ಷಣ ಅಲ್ಲ, ಅದರ ಕಾಲ ಬೇಸಿಗೆಯ ಕಡೆಗೆ. ಆದರೆ ಫೋನಿನಲ್ಲಿ ಇನ್ನೊಂದು ಹೆಸರಿನ ಚರ್ಚೆಗೆ ನಾನು ಹೋಗಲಿಲ್ಲ. 'ಯಾವುದು ಅಂತ ಆಸ್ಪತ್ರೇಲಿ ನೋಡ್ತಾರೆ, ಈಗ ಹೊರಡ್ತಾ ಇದೀವಿ' ಅಂದೆ.

ಹೊರಡುವ ತೀರ್ಮಾನ ಆಗಲೇ ಆಗಿತ್ತು. ಅದಕ್ಕೆ ಆಧಾರ ಇಷ್ಟು: ಜ್ವರ ಐದನೇ ದಿನಕ್ಕೂ ಬಿಟ್ಟಿಲ್ಲ. ದದ್ದು ಎದ್ದಮೇಲೆ ಜ್ವರ ಇಳಿಯೋ ಬದಲು ಹಾಗೇ ಇದೆ. ಜ್ವರ ಕಮ್ಮಿ ಇದ್ದಾಗಲೂ ಮಗು ಮಂಕು. ಉಚ್ಚೆ ಕಮ್ಮಿ. ಇದರಲ್ಲಿ ಯಾವುದೂ ಒಂಟಿಯಾಗಿ 108ಕ್ಕೆ ಫೋನ್ ಮಾಡಿಸುವಂಥದ್ದಲ್ಲ. ಫಿಟ್ಸ್ ಬಂದಿಲ್ಲ, ಉಸಿರಿಗೆ ಕಷ್ಟ ಇಲ್ಲ, ಕುಡಿದದ್ದೆಲ್ಲ ಕಕ್ಕುತ್ತಿಲ್ಲ, ಎಬ್ಬಿಸಿದರೆ ಏಳುತ್ತಾಳೆ. ಅದಕ್ಕೇ ಮನೆಯವರು ಬೆಳಗ್ಗೆ ಹೋದರಾಯ್ತು ಅನ್ನುತ್ತಿದ್ದರು. ನನ್ನ ಲೆಕ್ಕ ಬೇರೆ. ಈ ನಾಲ್ಕೂ ಒಂದೇ ಮಗುವಿನಲ್ಲಿ, ಒಂದೇ ದಿನ ಸೇರಿವೆ. ಶುಕ್ರವಾರ ಕತ್ತಲಾದರೆ ನಮ್ಮ ಕಡೆ ಗಾಡಿ ಸಿಗೋದು ಕಷ್ಟ, ನಾಳೆ ನಾಡಿದ್ದು ವಾರಾಂತ್ಯ, ಪ್ರವಾಸಿಗಳ ಕಾರಿನಿಂದ ರಸ್ತೆ ತುಂಬಿರುತ್ತೆ. ಪೇಟೆಯ ಮಗುವಾಗಿದ್ದರೆ ರಾತ್ರಿ ಕಾಯಿಸಿ ನೋಡಿ ಅಂದಿರುತ್ತಿದ್ದೆನೋ ಏನೋ. ಆಸ್ಪತ್ರೆ ಎಷ್ಟು ದೂರ ಅನ್ನೋದೂ ತೀರ್ಮಾನದ ಒಂದು ಭಾಗ. ದೂರ ಇದ್ದಷ್ಟೂ ಬೇಗ ಹೊರಡಬೇಕು.

ಕಂಕುಳ

ಬಟ್ಟೆ ಬದಲಿಸುವಾಗ ಎಲ್ಲವನ್ನೂ ಬಿಚ್ಚಿಸಿ ನೋಡಿದೆ. ತಲೆಕೂದಲ ಒಳಗೆ, ಕಿವಿ ಹಿಂದೆ, ತೊಡೆ ಸಂದು, ಚಡ್ಡಿ ಎಲಾಸ್ಟಿಕ್ಕಿನ ಅಂಚು. ಎಡ ಕಂಕುಳಲ್ಲಿ ಸಿಕ್ಕಿತು. ಬೀಡಿ ತುದಿ ತಾಗಿ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಸುತ್ತ ತೆಳ್ಳನೆ ಕೆಂಪು ಅಂಚು. ಮುಟ್ಟಿದರೆ ನೋವಿಲ್ಲ. ಅದರ ಹತ್ತಿರವೇ ಒಂದು ಗಂಟು ಕೈಗೆ ಸಿಗುತ್ತಿತ್ತು. ಜ್ವರ ನೋಡಲು ಇಟ್ಟದ್ದು ಬಲ ಕಂಕುಳಿಗೆ, ಹಾಗಾಗಿ ಅಲ್ಲಿಯವರೆಗೆ ಇದು ಕಂಡಿರಲಿಲ್ಲ. ಕಣ್ಣುರೆಪ್ಪೆ ಸ್ವಲ್ಪ ಊದಿದ ಹಾಗಿತ್ತು, ಅದನ್ನು ಮನೆಯವರು ಅತ್ತದ್ದಕ್ಕೆ ಅಂದುಕೊಂಡಿದ್ದರು.

'ಅದು ಉಣ್ಣೆ ಕಚ್ಚಿದ್ದಿರಬೇಕು ಬಿಡವ್ವ, ಹಸು ಹತ್ರ ಆಡ್ತಿರ್ತಳೆ' ಅಂದರು ಅಜ್ಜಿ. ಅವರು ಅದನ್ನು ಹಿಂದೆಯೇ ನೋಡಿದ್ದರು. ನೋವಿಲ್ಲ, ಕೀವಿಲ್ಲ, ಮಗು ಹೇಳಿಕೊಂಡಿಲ್ಲ, ಹಾಗಾಗಿ ಯಾರಿಗೂ ಹೇಳಿರಲಿಲ್ಲ.

ಈ ಥರದ ಕಪ್ಪು ಹಕ್ಕಳೆಗೆ ಡಾಕ್ಟರುಗಳು ಎಸ್ಕಾರ್ ಅನ್ನುತ್ತಾರೆ. ಜ್ವರದ ಜೊತೆ ಇದು ಕಂಡರೆ ಮೊದಲು ನೆನಪಾಗಬೇಕಾದ್ದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲು, ತರಗೆಲೆಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿದಾಗ ಒಂದು ಬ್ಯಾಕ್ಟೀರಿಯಾ ಮೈಗೆ ಸೇರುತ್ತೆ. ಕಚ್ಚಿದ್ದು ಗೊತ್ತಾಗೋದಿಲ್ಲ. ಆರು ದಿನದಿಂದ ಮೂರು ವಾರದೊಳಗೆ ಜ್ವರ, ಐದನೇ ದಿನದ ಹೊತ್ತಿಗೆ ಕೆಲವರಿಗೆ ಹೊಟ್ಟೆ ಬೆನ್ನಿನಿಂದ ಶುರುವಾಗುವ ದದ್ದು. ಒಬ್ಬರಿಂದ ಒಬ್ಬರಿಗೆ ಹರಡೋದಿಲ್ಲ. ಮಳೆಗಾಲ ಮುಗಿಯುತ್ತಾ ಬರುವ ತಿಂಗಳುಗಳಲ್ಲಿ ಜಾಸ್ತಿ. ಹಕ್ಕಳೆ ಎಲ್ಲರಿಗೂ ಇರೋದಿಲ್ಲ, ಇದ್ದರೂ ಹೆಚ್ಚಾಗಿ ಇಂಥ ಮಡಿಕೆಯ ಜಾಗದಲ್ಲಿ ಅಡಗಿರುತ್ತೆ. ಅಮಾಕ್ಸಿಸಿಲಿನ್ ಇದಕ್ಕೆ ಕೆಲಸ ಮಾಡೋದಿಲ್ಲ. ಬುಧವಾರ ಕ್ಲಿನಿಕ್ಕಿನಲ್ಲಿ ಗಂಟಲು ಕೆಂಪಾಗಿದ್ದ, ದದ್ದಿಲ್ಲದ, ಮೂರನೇ ದಿನದ ಜ್ವರದ ಮಗುವಿಗೆ ಅದನ್ನು ಬರೆದದ್ದರಲ್ಲಿ ನನಗೇನೂ ವಿಚಿತ್ರ ಕಾಣೋದಿಲ್ಲ.

ಒಂದು ಮಾತು. ಈ ಹಕ್ಕಳೆ ಸಿಗದೇ ಇದ್ದಿದ್ದರೂ ಜೀಪ್ ಅದೇ ಹೊತ್ತಿಗೆ ಹೊರಡುತ್ತಿತ್ತು. ಅದರಿಂದ ಬದಲಾದದ್ದು ನಾನು ಚೀಟಿಯಲ್ಲಿ ಬರೆದದ್ದು ಮಾತ್ರ. ಜ್ವರ ಎಷ್ಟನೇ ದಿನ, ದದ್ದು ಯಾವಾಗ ಎದ್ದದ್ದು, ಒತ್ತಿದರೆ ಹೋಗುತ್ತೆ, ಕೊನೆಯ ಉಚ್ಚೆ ಯಾವಾಗ, ಕೊಟ್ಟ ಔಷಧಿಗಳು ಮತ್ತು ಎಷ್ಟೆಷ್ಟು, ಲಸಿಕೆ ವಿವರ, ಎಡ ಕಂಕುಳಲ್ಲಿ ಕಪ್ಪು ಹಕ್ಕಳೆ. ಸಿರಪ್ ಬಾಟಲಿಗಳನ್ನೆಲ್ಲ ಚೀಲಕ್ಕೆ ಹಾಕಿಸಿದೆ. ಬಾಟಲಿ ಒಯ್ಯದೆ 'ಒಂದು ಬಿಳಿ ಸಿರಪ್ಪು, ಒಂದು ಗುಲಾಬಿ ಸಿರಪ್ಪು' ಅಂತ ಹೇಳುವವರೇ ಜಾಸ್ತಿ. ತೂಕದ ಲೆಕ್ಕಕ್ಕೆ ಸರಿಯಾಗಿ ಒಂದು ಸಲ ಪ್ಯಾರಾಸಿಟಮಾಲ್ ಕುಡಿಸಿದೆ. ಡೆಂಗಿ ಅಲ್ಲ ಅಂತ ಖಾತ್ರಿ ಆಗುವವರೆಗೆ ಐಬುಪ್ರೊಫೆನ್ ಬೇಡ, ಮಕ್ಕಳಿಗೆ ಆಸ್ಪಿರಿನ್ ಅಂತೂ ಬೇಡವೇ ಬೇಡ. ದಾರಿಯುದ್ದಕ್ಕೂ ಚಮಚದಲ್ಲಿ ಓಆರ್‌ಎಸ್ ಕುಡಿಸುತ್ತಾ ಹೋಗಲು ಹೇಳಿದೆ. ಅಜ್ಜಿ ತಮ್ಮ ಸೆರಗಿನ ತುದಿಗೆ ಬೇವಿನೆಲೆ ಕಟ್ಟಿಕೊಂಡೇ ಜೀಪ್ ಹತ್ತಿದರು.

ಆಸ್ಪತ್ರೆಯಲ್ಲಿ

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಪ್ಲೇಟ್‌ಲೆಟ್ 82,000ಕ್ಕೆ ಇಳಿದಿತ್ತು. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದ್ದು. ಯಕೃತ್ತಿನ ಪರೀಕ್ಷೆಯ ಅಂಕಿಗಳೂ ಏರಿದ್ದವು. ಅಲ್ಲಿಂದ ರಾತ್ರಿಯೇ ಹಾಸನಕ್ಕೆ ಕಳಿಸಿದರು. ಸ್ಕ್ರಬ್ ಟೈಫಸ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಮಕ್ಕಳ ಡಾಕ್ಟರ್ ಡಾಕ್ಸಿಸೈಕ್ಲಿನ್ ಶುರು ಮಾಡಿದರು. ಈ ಕಾಯಿಲೆಯಲ್ಲಿ ಹಾಗೇ ಮಾಡಬೇಕು. ಕಾದರೆ ಶ್ವಾಸಕೋಶ, ಮಿದುಳು, ಮೂತ್ರಪಿಂಡಕ್ಕೆ ಹೋಗಬಹುದು.

ಆ ಮಾತ್ರೆಯಿಂದ ಮಕ್ಕಳ ಹಲ್ಲು ಹಳದಿಯಾಗುತ್ತೆ ಅಂತ ವಾರ್ಡಿನಲ್ಲಿ ಯಾರೋ ಹೇಳಿದ್ದರಂತೆ, ಅಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಆ ಹೆದರಿಕೆ ಹಳೆಯ ಟೆಟ್ರಾಸೈಕ್ಲಿನ್ ಕಾಲದ್ದು. ಕೆಲವು ದಿನದ ಡಾಕ್ಸಿಸೈಕ್ಲಿನ್‌ನಿಂದ ಹಾಗಾಗೋದಿಲ್ಲ. ಹಾಲಿನ ಜೊತೆ ಮಾತ್ರ ಕೊಡಬೇಡಿ, ಔಷಧಿ ಸರಿಯಾಗಿ ಮೈಗೆ ಹತ್ತೋದಿಲ್ಲ, ಡಾಕ್ಟರನ್ನೂ ಒಂದು ಸಲ ಕೇಳಿಕೊಳ್ಳಿ ಅಂದೆ.

ಭಾನುವಾರ ಬೆಳಗ್ಗೆ ಜ್ವರ ಬಿಟ್ಟಿತು. ಸರಿಯಾದ ಔಷಧಿ ಬಿದ್ದರೆ ಸಾಮಾನ್ಯವಾಗಿ ಎರಡು ದಿನದೊಳಗೆ ಬಿಡುತ್ತೆ. ಡೆಂಗಿ ಇಲ್ಲ ಅಂತ ಬಂತು, ಸ್ಕ್ರಬ್ ಟೈಫಸ್ ಐಜಿಎಂ ಪಾಸಿಟಿವ್ ಅಂತ ಬಂತು. ಭಾನುವಾರ ಮಧ್ಯಾಹ್ನ ಇಡ್ಲಿ ಕೇಳಿದಳಂತೆ. ಸೋಮವಾರ ಡ್ರಿಪ್ ಹಾಕಿದ್ದ ಕೈಯಿಂದ ಪಕ್ಕದ ಹಾಸಿಗೆಯ ಹುಡುಗನ ಬಿಸ್ಕತ್ತು ಕಿತ್ತುಕೊಂಡಿದ್ದಕ್ಕೆ ದೂರು ಬಂತು.

ಮನೇಲೇ ಇದ್ದ ಇನ್ನೊಬ್ಬ

ಅದೇ ವಾರ ಅದೇ ಅಂಗನವಾಡಿಯ ಎರಡೂವರೆ ವರ್ಷದ ಹುಡುಗನೊಬ್ಬನಿಗೂ ಮೈಮೇಲೆ ಎದ್ದಿತ್ತು. ನೋಡಿದರೆ ಹುಡುಗಿಯದ್ದಕ್ಕಿಂತ ಭೀಕರ. ಅಂಗೈ, ಅಂಗಾಲು, ಕುಂಡೆ, ಬಾಯಿ ಸುತ್ತ ಗುಳ್ಳೆ. ಅವರಮ್ಮ ಅಳುತ್ತಾ ಬಂದಿದ್ದರು. ಅವನು ಮಾತ್ರ ನನ್ನ ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದೊಂದಾಗಿ ಕೆಳಗೆ ಬೀಳಿಸುತ್ತಿದ್ದ. ಜ್ವರ ಒಂದು ದಿನ ಬಂದು ಬಿಟ್ಟಿತ್ತು. ಬಾಯಿಹುಣ್ಣಿನಿಂದ ಊಟ ಸೇರುತ್ತಿರಲಿಲ್ಲ, ಆದರೆ ತಣ್ಣನೆ ಮಜ್ಜಿಗೆ, ಎಳನೀರು ಕುಡಿಯುತ್ತಿದ್ದ, ಉಚ್ಚೆ ಸರಿಯಾಗಿತ್ತು. ಕೈ ಕಾಲು ಬಾಯಿ ರೋಗ. ಮನೆಗೆ ಕಳಿಸಿದೆ, ಅಂಗನವಾಡಿಗೆ ಸದ್ಯ ಬೇಡ, ಕುಡಿಯೋದು ನಿಲ್ಲಿಸಿದರೆ ಮಾತ್ರ ತಕ್ಷಣ ಬನ್ನಿ ಅಂದೆ. ಒಂದು ವಾರಕ್ಕೆ ಒಣಗಿತು.

ಒಂದೆರಡು ವರ್ಷದೊಳಗಿನ ಕೂಸುಗಳಲ್ಲಿ ಇನ್ನೊಂದು ಥರ ಇದೆ. ಮೂರ್ನಾಲ್ಕು ದಿನ ಜೋರು ಜ್ವರ, ಅದು ಪೂರ್ತಿ ಬಿಟ್ಟಮೇಲೆ ಮೈತುಂಬ ತಿಳಿ ಕೆಂಪು ದದ್ದು, ಮಗು ನಗುನಗುತ್ತಾ ಇರುತ್ತೆ. ಅದೂ ತಾನಾಗಿಯೇ ಹೋಗುತ್ತೆ. ಆದರೆ ಜ್ವರ ಬಿಟ್ಟಮೇಲೆ ಮಗು ಇನ್ನೂ ಮಂಕಾದರೆ, ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆ ಕೈಕಾಲು, ವಸಡಿನಲ್ಲಿ ರಕ್ತ ಇವುಗಳಲ್ಲಿ ಒಂದು ಕಂಡರೂ ಓಡಬೇಕು. ಡೆಂಗಿ ಕೈಕೊಡೋದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಗಂದೆಯ ಜೊತೆ ತುಟಿ, ನಾಲಿಗೆ ಊದಿದರೆ, ಉಸಿರಿಗೆ ಸಿಳ್ಳೆ ಬಂದರೆ 108ಕ್ಕೆ ಫೋನ್, ಅಲ್ಲಿ ಬಾಟಲಿ ಒತ್ತುತ್ತಾ ಕೂರುವ ಹಾಗಿಲ್ಲ. ಐದು ದಿನ ದಾಟಿದ ಜ್ವರದ ಜೊತೆ ಕಣ್ಣು ಕೆಂಪು, ತುಟಿ ಒಡೆದಿರೋದು, ಅಂಗೈ ಅಂಗಾಲು ಊದಿರೋದು ಕಂಡರೆ ಮಕ್ಕಳ ಡಾಕ್ಟರ್ ಹತ್ತಿರವೇ ಹೋಗಬೇಕು. ಕವಾಸಾಕಿ ಅನ್ನುವ ಕಾಯಿಲೆ ಹೃದಯದ ರಕ್ತನಾಳಕ್ಕೆ ಹೋಗುತ್ತೆ, ಅದರ ಔಷಧಿ ಹತ್ತು ದಿನದೊಳಗೆ ಬೀಳಬೇಕು. ಮೂರು ತಿಂಗಳೊಳಗಿನ ಹಸುಗೂಸಿಗಂತೂ ಈ ಯಾವ ಲೆಕ್ಕವೂ ಬೇಡ. 100.4 ಜ್ವರ ಇದ್ದರೆ ಸಾಕು, ದದ್ದು ಇರಲಿ ಬಿಡಲಿ, ಹೊರಡಿ. ರಾತ್ರಿ ಕೇಳಲು ಯಾರೂ ಇಲ್ಲದಿದ್ದರೆ ಆರೋಗ್ಯ ಸಹಾಯವಾಣಿ 104 ಇದೆ. ಅವರು ಕೇಳೋದೂ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು.

ಮನೆಗೆ ಬಂದಮೇಲೆ

ಬುಧವಾರ ಮನೆಗೆ ಬಂದಳು. ಉಳಿದ ಮಾತ್ರೆ ಪೂರ್ತಿ ಮಾಡಿಸಬೇಕಿತ್ತು, ಆಶಾ ದಿನಾ ಹೋಗಿ ನೋಡಿದರು. ದದ್ದು ಮಾಯವಾಗಿತ್ತು. ಕಂಕುಳಿನ ಹಕ್ಕಳೆ ಉದುರಿ ಅಲ್ಲೊಂದು ಕಲೆ ಉಳಿಯಿತು, ಅದಕ್ಕೆ ಏನೂ ಹಚ್ಚೋದು ಬೇಡ ಅಂದೆ. ಇನ್ನೊಂದು ಸಲ ರಕ್ತ ಪರೀಕ್ಷೆ ಮಾಡಿಸಿ ಹೋಗಿದೆಯಾ ನೋಡೋಣ ಅಂತ ಅಪ್ಪ ಕೇಳಿದರು. ಆ ಪರೀಕ್ಷೆ ತಿಂಗಳುಗಟ್ಟಲೆ ಪಾಸಿಟಿವ್ ತೋರಿಸಬಹುದು, ಮಗು ಚೆನ್ನಾಗಿದ್ದರೆ ದುಡ್ಡು ದಂಡ. ಜ್ವರ ತಿರುಗಿ ಬಂದರೆ ಮಾತ್ರ ತೋರಿಸಿ ಅಂದೆ. ಅಜ್ಜಿ ಮಂಗಳವಾರ ನೋಡಿ ಊರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿದರು, ನನಗೂ ಒಂದು ತಂಬಿಟ್ಟು ಬಂತು.

ಮಗುವಿಗೆ ಎಲ್ಲಿಂದ ಹತ್ತಿತು ಅಂತ ಹುಡುಕಿದಾಗ ಬೇಲಿ ಸಾಲು ತೋರಿಸಿದರು. ಕಳೆ ಸವರಿ ಅಲ್ಲೇ ರಾಶಿ ಹಾಕಿದ್ದರು, ಅದರಲ್ಲಿ ಇಲಿ ಓಡಾಟ, ಅದರ ಪಕ್ಕದಲ್ಲೇ ಮಕ್ಕಳ ಅಡುಗೆ ಆಟ. ನುಸಿ ಇರೋದು ಇಂಥ ಕಡೆಯೇ, ಇಲಿ ಇದ್ದರೆ ಇನ್ನೂ ಜಾಸ್ತಿ. ನೆಲದ ಮೇಲೆ ಕೂರಿಸದೆ ಚಾಪೆ ಹಾಕಿಕೊಡಿ, ಆಡಿ ಬಂದ ಕೂಡಲೇ ಬಟ್ಟೆ ಬದಲಿಸಿ ಸೋಪು ಹಚ್ಚಿ ಮೀಯಿಸಿ, ಮೀಯಿಸುವಾಗ ಕಂಕುಳ, ತೊಡೆ ಸಂದು, ಕಿವಿ ಹಿಂದೆ ಒಂದು ಸಲ ಕಣ್ಣು ಹಾಯಿಸಿ ಅಂತ ಸುತ್ತಲ ಮನೆಗಳಿಗೂ ಹೇಳಿ ಬಂದೆವು. ಬೇಲಿಯ ರಾಶಿಯನ್ನು ಅಪ್ಪ ತೆಗೆಸಿ ಸುಟ್ಟಿದ್ದಾರೆ. ಗೊಬ್ಬರ ಗುಂಡಿ ಪಕ್ಕದ ಪೊದೆ ಇನ್ನೂ ಹಾಗೇ ಇದೆ. ಹೋದಾಗಲೆಲ್ಲ ಕೇಳುತ್ತೇನೆ, ಕುಯ್ಲು ಮುಗೀಲಿ ಸಿಸ್ಟರ್ ಅನ್ನುತ್ತಾರೆ.